ಏಳು ಸಿಂಹಗಳ ಒಂದು ಲಾಂಛನ

‘ಟಾಮ್ ಅಂಡ್ ಜೆರ್ರಿ’ ನೋಡುತ್ತ ಬೆಳೆದವರಿಗೆ ಆ ಸಿಂಹದ ಪರಿಚಯ ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಫಿಲ್ಮ್ ಸುರುಳಿಯನ್ನು ಬಗ್ಗಿಸಿ ಮಾಡಿದಂಥ ಹೊಂಬಣ್ಣದ ಉಂಗುರ, ಅದರ ನಡುವೆ ಕೇಸರ ತುಂಬಿದ ಮುಖ, ಒಂದೆರಡು ಗರ್ಜನೆ, ಆಮೇಲೆ ಬೆಕ್ಕು ಇಲಿಯ ಜಟಾಪಟಿ. ಆ ಸಿಂಹಕ್ಕೊಂದು ಹೆಸರಿತ್ತು ಎನ್ನುವುದು ಮಾತ್ರ ಬಹಳ ಜನಕ್ಕೆ ತಿಳಿಯದು. ಅದು ಟ್ಯಾನರ್. ವಿಲಿಯಂ ಹನ್ನಾ ಮತ್ತು ಜೋಸೆಫ್ ಬಾರ್ಬೆರಾ 1940ರಿಂದ ಮಾಡುತ್ತ ಬಂದ ಆ ಕಿರುಚಿತ್ರಗಳ ಬಾಗಿಲಲ್ಲಿ ನಿಂತಿರುವುದು ಅದೇ. ಇದೇ ಕಂಪನಿಯ ‘ದಿ ವಿಜರ್ಡ್ ಆಫ್ ಆಝ್’ ಶುರುವಾಗುವಾಗ ಕಾಣುವುದು ಬೇರೆ ಸಿಂಹ, ಅದರ ಹೆಸರು ಜಾಕಿ. ಜೇಮ್ಸ್ ಬಾಂಡ್‌ನ ‘ಗೋಲ್ಡನ್ ಐ’ ಮುಂದೆ ಗರ್ಜಿಸುವುದು ಮತ್ತೂ ಒಂದು, ಲಿಯೋ. ಮೆಟ್ರೋ-ಗೋಲ್ಡ್‌ವಿನ್-ಮೇಯರ್, ಅಂದರೆ ಎಂಜಿಎಂ ಸಂಸ್ಥೆಯ ಲಾಂಛನದಲ್ಲಿ ಒಟ್ಟು ಏಳು ಸಿಂಹಗಳು ಒಂದರ ಹಿಂದೊಂದು ಬಂದುಹೋಗಿವೆ. ಉಂಗುರ ಹೆಚ್ಚೇನೂ ಬದಲಾಗಲಿಲ್ಲ, ಒಳಗಿನ ಪ್ರಾಣಿ ಬದಲಾಯಿತು. ಪ್ರತಿ ಬದಲಾವಣೆಯ ಹಿಂದೆಯೂ ಸಿನಿಮಾ ತಂತ್ರದ ಒಂದೊಂದು ದೊಡ್ಡ ತಿರುವು ಇದೆ. ಮೌನ, ಮಾತು, ಬಣ್ಣ, ಸ್ಟೀರಿಯೋ, ಕಂಪ್ಯೂಟರ್ ಎಲ್ಲವೂ ಈ ಒಂದೇ ಉಂಗುರದೊಳಗಿಂದ ಹಾದುಹೋಗಿವೆ.

ಸಿಂಹವನ್ನು ತಂದವರು ಹೋವರ್ಡ್ ಡೀಟ್ಸ್. ಆಗ ಎಂಜಿಎಂ ಎಂಬ ಸಂಸ್ಥೆಯೇ ಇರಲಿಲ್ಲ. 1916ರಲ್ಲಿ ಸ್ಯಾಮ್ಯುಯೆಲ್ ಗೋಲ್ಡ್‌ಫಿಶ್ ಎಂಬ ನಿರ್ಮಾಪಕರು ಸೆಲ್ವಿನ್ ಸೋದರರ ಜೊತೆ ಸೇರಿ, ತಮ್ಮ ಹೆಸರಿನ ಅರ್ಧಕ್ಕೆ ಅವರ ಹೆಸರಿನ ಅರ್ಧ ಕೂಡಿಸಿ, ಗೋಲ್ಡ್‌ವಿನ್ ಪಿಕ್ಚರ್ಸ್ ಕಟ್ಟಿದರು. ಆ ಹೆಸರು ಗೋಲ್ಡ್‌ಫಿಶ್‌ಗೆ ಎಷ್ಟು ಹಿಡಿಸಿತೆಂದರೆ, ಕೊನೆಗೆ ತಮ್ಮ ಹೆಸರನ್ನೇ ಗೋಲ್ಡ್‌ವಿನ್ ಎಂದು ಬದಲಾಯಿಸಿಕೊಂಡರು. ಪ್ರಚಾರದ ಕೆಲಸಕ್ಕಿದ್ದ ಡೀಟ್ಸ್ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಹುಡುಗ. ಆ ವಿಶ್ವವಿದ್ಯಾಲಯದ ಕ್ರೀಡಾ ತಂಡಗಳ ಗುರುತು ಸಿಂಹ. ಹೊಸ ಕಂಪನಿಗೆ ಚಿಹ್ನೆ ಬೇಕೆಂದಾಗ ಅವರು ತಮ್ಮ ಕಾಲೇಜಿನ ಸಿಂಹವನ್ನೇ ಎತ್ತಿಕೊಂಡು ಬಂದರು. ‘ಆರ್ಸ್ ಗ್ರಾಷಿಯಾ ಆರ್ಟಿಸ್’, ಕಲೆ ಕಲೆಗಾಗಿಯೇ, ಎಂಬ ಲ್ಯಾಟಿನ್ ಧ್ಯೇಯವಾಕ್ಯವೂ ಅವರದೇ. ಲಯನೆಲ್ ರೀಸ್ ಎಂಬ ಕಲಾವಿದರು ಆ ಕಲ್ಪನೆಗೆ ಚಿತ್ರರೂಪ ಕೊಟ್ಟರು. 1917ರ ‘ಪಾಲಿ ಆಫ್ ದ ಸರ್ಕಸ್’ ಚಿತ್ರದೊಂದಿಗೆ ಸಿಂಹ ತೆರೆಗೆ ಬಂತು. ಡೀಟ್ಸ್ ಮುಂದೆ ಬ್ರಾಡ್‌ವೇ ನಾಟಕಗಳಿಗೆ ಹಾಡು ಬರೆದು ದೊಡ್ಡ ಹೆಸರು ಮಾಡಿದರು, ಎಂಜಿಎಂ ಪ್ರಚಾರ ವಿಭಾಗದ ಮುಖ್ಯಸ್ಥರಾಗಿ ದಶಕಗಳ ಕಾಲ ದುಡಿದರು. ಆದರೂ ಅವರ ಕೆಲಸಗಳಲ್ಲಿ ಹೆಚ್ಚು ಕಣ್ಣುಗಳಿಗೆ ಬಿದ್ದದ್ದು ಎಳೆಯ ವಯಸ್ಸಿನಲ್ಲಿ ಹೊಳೆದ ಈ ಉಂಗುರವೇ ಇರಬೇಕು.

1924ರಲ್ಲಿ ಚಿತ್ರಮಂದಿರಗಳ ಸರಪಳಿಯ ಒಡೆಯ ಮಾರ್ಕಸ್ ಲೋ ಮೂರು ಕಂಪನಿಗಳನ್ನು ಒಂದಾಗಿಸಿದರು. ಮೆಟ್ರೋ ಪಿಕ್ಚರ್ಸ್ ಆಗಲೇ ಅವರ ಕೈಯಲ್ಲಿತ್ತು. ಗೋಲ್ಡ್‌ವಿನ್ ಪಿಕ್ಚರ್ಸ್ ಮತ್ತು ಲೂಯಿಸ್ ಬಿ. ಮೇಯರ್ ಅವರ ಕಂಪನಿ ಅದಕ್ಕೆ ಸೇರಿದವು. ಸ್ಯಾಮ್ಯುಯೆಲ್ ಗೋಲ್ಡ್‌ವಿನ್ ಎರಡು ವರ್ಷ ಮೊದಲೇ ತಮ್ಮ ಕಂಪನಿಯಿಂದ ಹೊರಬಿದ್ದಿದ್ದರು. ಹಾಗಾಗಿ ಹೆಸರಿನ ನಟ್ಟನಡುವೆ ಕೂತಿರುವ ಗೋಲ್ಡ್‌ವಿನ್ ಒಂದು ದಿನವೂ ಎಂಜಿಎಂನಲ್ಲಿ ಕೆಲಸ ಮಾಡಿದವರಲ್ಲ. ಅವರಿಲ್ಲದ ಮನೆಗೆ ಅವರ ಹೆಸರು ಹೋಯಿತು, ಅವರ ಕಂಪನಿಯ ಸಿಂಹವೂ ಹೋಯಿತು.

ಹೊಸ ಸಂಸ್ಥೆ ತಾನೇ ಪೂರ್ತಿಯಾಗಿ ತಯಾರಿಸಿದ ಮೊದಲ ಚಿತ್ರ ‘ಹೀ ಹೂ ಗೆಟ್ಸ್ ಸ್ಲ್ಯಾಪ್ಡ್’ ಅದೇ ವರ್ಷ ಬಂತು. ಲಾನ್ ಚೇನಿ ಅದರಲ್ಲಿ ಸರ್ಕಸ್ಸಿನ ವಿದೂಷಕ. ತನ್ನ ಬದುಕನ್ನು ಹಾಳುಗೆಡವಿದವರ ಮೇಲೆ ಅವನು ಸೇಡು ತೀರಿಸಿಕೊಳ್ಳುವುದು ಬೋನಿನಿಂದ ಸಿಂಹವೊಂದನ್ನು ಬಿಟ್ಟು. ಸಿಂಹವನ್ನು ಗುರುತಾಗಿ ಇಟ್ಟುಕೊಂಡ ಸಂಸ್ಥೆಯ ಮೊದಲ ಚಿತ್ರದಲ್ಲೇ ಹಾಗಾದದ್ದು ಕಾಕತಾಳೀಯವೇ ಇರಬಹುದು. ಚಿತ್ರದ ಲಾಂಛನದಲ್ಲಿದ್ದ ಸಿಂಹ ಮಾತ್ರ ತೀರ ಸೌಮ್ಯ. ಅದರ ಹೆಸರು ಸ್ಲ್ಯಾಟ್ಸ್. 1919ರಲ್ಲಿ ತಮ್ಮಲ್ಲೇ ಹುಟ್ಟಿದ್ದು ಅದು ಎಂದು ಐರ್ಲೆಂಡಿನ ಡಬ್ಲಿನ್ ಮೃಗಾಲಯದವರು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ತೆರೆಯ ಮೇಲೆ ಅದು ಗರ್ಜಿಸುವುದಿಲ್ಲ. ಆಚೆ ಈಚೆ ನೋಡುತ್ತದೆ, ಅಷ್ಟೆ. ಮೂಕಿಯ ಕಾಲದಲ್ಲಿ ಬಾಯಿ ತೆರೆದು ಪ್ರಯೋಜನವೂ ಇರಲಿಲ್ಲ. ನನಗಂತೂ ಏಳರಲ್ಲಿ ಅತ್ಯಂತ ಗಂಭೀರವಾದ ಮುಖ ಇದರದೇ ಎನ್ನಿಸುತ್ತದೆ. ಹೆದರಿಸಬೇಕೆಂಬ ಒತ್ತಾಯ ಅದರ ಮೇಲೆ ಯಾರೂ ಹೇರಿಲ್ಲ. ಸುಮ್ಮನೆ ತಾನಿದ್ದೇನೆ ಎಂದು ತೋರಿಸುತ್ತದೆ.

ಸ್ಲ್ಯಾಟ್ಸ್ ಅನ್ನು ಪಳಗಿಸಿದವರು ವೋಲ್ನಿ ಫೈಫರ್. ಅವರು ಅದನ್ನು ಕರೆದುಕೊಂಡು ಊರೂರು ತಿರುಗಿದರು. ಚಿತ್ರಮಂದಿರದ ಮುಂದೆ ಬೋನು ನಿಲ್ಲಿಸಿದರೆ ಸಾಕು, ಜನ ಮುಗಿಬೀಳುತ್ತಿದ್ದರು. ಸಿಂಹ 1936ರಲ್ಲಿ ಸತ್ತಾಗ ಫೈಫರ್ ನ್ಯೂಜೆರ್ಸಿಯ ತಮ್ಮ ತೋಟದಲ್ಲೇ ಅದನ್ನು ಮಣ್ಣು ಮಾಡಿದರು. ಚರ್ಮ ಕನ್ಸಾಸ್‌ನ ಮೆಕ್‌ಫರ್ಸನ್ ಊರಿನ ಸಂಗ್ರಹಾಲಯ ಸೇರಿತು.

ಆ ಕಾಲದ ಪ್ರಚಾರದ ಹುಚ್ಚು ಎಲ್ಲಿಯವರೆಗೆ ಹೋಗಿತ್ತು ಎನ್ನುವುದಕ್ಕೆ 1927ರ ಒಂದು ಪ್ರಸಂಗವೇ ಸಾಕು. ಆ ವರ್ಷದ ಮೇ ತಿಂಗಳಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ಒಬ್ಬನೇ ಅಟ್ಲಾಂಟಿಕ್ ದಾಟಿದ್ದ. ಅಮೆರಿಕದ ಬಾಯಲ್ಲೆಲ್ಲ ವಿಮಾನದ್ದೇ ಮಾತು. ಎಂಜಿಎಂ ಪ್ರಚಾರದವರಿಗೂ ಒಂದು ಯೋಚನೆ ಬಂತು: ನಮ್ಮ ಸಿಂಹವನ್ನೂ ಹಾರಿಸಿದರೆ ಹೇಗೆ? ಲಿಂಡ್‌ಬರ್ಗನ ವಿಮಾನ ಕಟ್ಟಿದ ರಯಾನ್ ಕಂಪನಿಯದೇ ಒಂದು ವಿಮಾನ ಬಂತು. ಚಾಲಕನ ಹಿಂದೆ ಗಟ್ಟಿ ಬೋನು ಕೂಡಿಸಿದರು. ಚಾಲಕ ಮಾರ್ಟಿನ್ ಜೆನ್ಸನ್, ಆಗಸ್ಟ್‌ನಲ್ಲಷ್ಟೇ ಕ್ಯಾಲಿಫೋರ್ನಿಯಾದಿಂದ ಹವಾಯಿಗೆ ನಡೆದ ವಿಮಾನ ಪಂದ್ಯದಲ್ಲಿ ಎರಡನೆಯವನಾಗಿ ಗೆದ್ದು ಬಂದವನು. ಸೆಪ್ಟೆಂಬರ್ ನಡುವಿನಲ್ಲಿ ಸ್ಯಾನ್ ಡಿಯಾಗೋದಿಂದ ನ್ಯೂಯಾರ್ಕ್ ಕಡೆಗೆ ಹೊರಟರು. ಸಿಂಹ, ಬೋನು, ದೂರದ ದಾರಿಗೆ ಬೇಕಾದ ಇಂಧನ ಇಷ್ಟೂ ಭಾರ ಹೊತ್ತ ವಿಮಾನ ಅರಿಜೋನಾದ ಬೆಟ್ಟಗಳನ್ನು ಏರಲಾರದೆ ಒಂದು ಕಣಿವೆಯಲ್ಲಿ ಮರಗಳ ಮೇಲೆ ಬಿತ್ತು. ಜೆನ್ಸನ್ ಬದುಕಿದ, ಬೋನಿನೊಳಗಿನ ಸಿಂಹವೂ ಬದುಕಿತು. ತನ್ನ ಬಳಿ ಇದ್ದ ತಿಂಡಿ, ನೀರನ್ನು ಸಿಂಹಕ್ಕೆ ಕೊಟ್ಟು ಅವನು ದಿನಗಟ್ಟಲೆ ಕಾಡಿನಲ್ಲಿ ನಡೆದು ಜನವಸತಿ ಸೇರಿದ. ಆಮೇಲೆ ಆ ಸೀಮೆಯ ದನಗಾಹಿಗಳು ಹೋಗಿ ಸಿಂಹವನ್ನು ಕಣಿವೆಯಿಂದ ಹೊರಗೆ ತಂದರು. ಅದು ಮುಂದೆ ಲಾಂಛನಕ್ಕೆ ಬಂದ ಜಾಕಿಯೇ ಎಂದು ಹೇಳುವುದು ರೂಢಿ. ಕೆಲವರು ಬೇರೆ ಸಿಂಹವೆನ್ನುತ್ತಾರೆ. ಪ್ರಚಾರದವರಿಗೆ ಎಲ್ಲ ಸಿಂಹವೂ ಒಂದೇ ಆಗಿದ್ದ ಕಾರಣ ಗೊಂದಲ ಉಳಿದಿದೆ. ಪತ್ರಿಕೆಗಳಿಗೆ ಅದು ರಸವತ್ತಾದ ಸುದ್ದಿಯಾಯಿತು. ನುಜ್ಜುಗುಜ್ಜಾದ ವಿಮಾನದ ನಡುವೆ ಬೋನಿನಲ್ಲಿ ಒಂಟಿಯಾಗಿ ಉಳಿದ ಆ ಪ್ರಾಣಿಯ ಪಾಡನ್ನು ನೆನೆದರೆ ಇಂದು ಮನಸ್ಸಿಗೆ ಕಷ್ಟವಾಗುತ್ತದೆ. ಲಾಂಛನದ ಹೊಳಪನ್ನು ಕೊಂಡಾಡುವವರು ಇದನ್ನೂ ಮರೆಯಬಾರದು.

ಜಾಕಿಯ ಕಾಲಕ್ಕೆ ಸಿನಿಮಾ ಬಾಯಿ ಬಿಟ್ಟಿತು. 1928ರ ಜುಲೈ 31ರಂದು ನ್ಯೂಯಾರ್ಕಿನಲ್ಲಿ ‘ವೈಟ್ ಶ್ಯಾಡೋಸ್ ಇನ್ ದ ಸೌತ್ ಸೀಸ್’ ಚಿತ್ರ ತೆರೆ ಕಂಡಾಗ ಪ್ರೇಕ್ಷಕರು ಮೊದಲ ಸಲ ಸಿಂಹದ ದನಿ ಕೇಳಿದರು. ಸಂಗೀತ ಮತ್ತು ಕೆಲವು ಶಬ್ದಗಳನ್ನು ಮಾತ್ರ ಕೂಡಿಸಿದ್ದ ಚಿತ್ರವದು. ಜಾಕಿಯ ದನಿ ಮುದ್ರಿಸಿಕೊಳ್ಳುವಾಗ ತೆಗೆದ ಪ್ರಚಾರದ ಫೋಟೋ ಈಗಲೂ ಪ್ರಸಿದ್ಧ: ಪೀಠದ ಮೇಲೆ ಕೂತ ಸಿಂಹ, ಎದುರಿಗೆ ಕ್ಯಾಮೆರಾ, ಮೈಕು, ಕೈಯಳತೆಯ ದೂರದಲ್ಲೇ ಇಬ್ಬರು ಮನುಷ್ಯರು. ಜಾಕಿಯ ಗರ್ಜನೆಗೆ ತನ್ನದೇ ಒಂದು ನಡೆ ಇತ್ತು. ಮೊದಲು ಮೆಲ್ಲಗೆ ಗುರುಗುಟ್ಟುವುದು, ಆಮೇಲೆ ದೊಡ್ಡದಾಗಿ, ಅದಾದ ಮೇಲೆ ಪಕ್ಕಕ್ಕೆ ಒಂದು ನೋಟ. ಆ ಪಕ್ಕದ ನೋಟ ನನಗೆ ಬಹಳ ಇಷ್ಟ. ಬಹುಶಃ ತರಬೇತುದಾರ ಆ ಕಡೆ ನಿಂತಿದ್ದಿರಬೇಕು. ಯಾರೂ ಹೇಳಿಕೊಡದೆ ಅಲ್ಲೊಂದು ಜೀವಂತ ಕ್ಷಣ ದಾಖಲಾಯಿತು, 1956ರವರೆಗೂ ಕಪ್ಪು-ಬಿಳುಪಿನ ಚಿತ್ರಗಳ ಮುಂದೆ ಓಡುತ್ತಲೇ ಇತ್ತು. ಜಾಕಿ ಅದಕ್ಕೆ ಎಷ್ಟೋ ಮೊದಲೇ, 1930ರ ದಶಕದಲ್ಲೇ, ಸತ್ತುಹೋಗಿತ್ತು.

ದನಿ ಸೇರಿದ ಮೇಲೆ ಲಾಂಛನದ ಕೆಲಸವೇ ಬದಲಾಯಿತು ಎನ್ನಬೇಕು. ಅದುವರೆಗೆ ಅದು ಸರಕಿನ ಮೇಲಿನ ಗುರುತು, ಈಗ ಸಭೆಗೆ ಕೊಟ್ಟ ಸೂಚನೆಯೂ ಆಯಿತು. ಮಾತು ನಿಲ್ಲಿಸಿ, ಕಡಲೆಕಾಯಿ ಪೊಟ್ಟಣ ಮಡಿಚಿಡಿ, ಶುರುವಾಗುತ್ತಿದೆ. ನಮ್ಮ ದೇಶದ ಸ್ಟುಡಿಯೋಗಳೂ ಇದನ್ನು ಚೆನ್ನಾಗಿ ಬಲ್ಲವು. 1929ರಲ್ಲಿ ಕೊಲ್ಹಾಪುರದಲ್ಲಿ ಶುರುವಾದ ಪ್ರಭಾತ್ ಫಿಲ್ಮ್ ಕಂಪನಿಯ ಲಾಂಛನದಲ್ಲಿ ಹೆಣ್ಣೊಬ್ಬಳು ತುತ್ತೂರಿ ಊದುತ್ತಾಳೆ. ಮದರಾಸಿನ ಜೆಮಿನಿಯ ಅವಳಿ ಮಕ್ಕಳ ಕೈಯಲ್ಲೂ ಕಹಳೆ. ನಾಟಕದ ನಾಂದಿಗೆ, ಬಯಲಾಟದ ಚಂಡೆಗೆ ಒಗ್ಗಿದ ಜನಕ್ಕೆ ಆಟದ ಮುಂಚೆ ಒಂದು ದನಿ ಬೇಕೇ ಬೇಕು. ಎಂಜಿಎಂ ಆ ದನಿಯನ್ನು ವಾದ್ಯದಿಂದ ತರಲಿಲ್ಲ, ಪ್ರಾಣಿಯ ಗಂಟಲಿಂದ ತಂದಿತು.

ಬಣ್ಣ ಬಂದಾಗ ಬೇರೆ ಸಿಂಹ ಬೇಕಾಯಿತು. ಕಪ್ಪು-ಬಿಳುಪಿನಲ್ಲಿ ತೆಗೆದ ಜಾಕಿಗೆ ಬಣ್ಣ ಬಳಿಯುವಂತಿರಲಿಲ್ಲ. ಆರಂಭದ ಟೆಕ್ನಿಕಲರ್ ಕೆಂಪು ಮತ್ತು ಹಸಿರಿನ ಎರಡೇ ಎಳೆಗಳಲ್ಲಿ ಲೋಕವನ್ನು ಹಿಡಿಯುತ್ತಿತ್ತು. ಆಕಾಶದ ನೀಲಿ ಅದಕ್ಕೆ ಎಟುಕುತ್ತಿರಲಿಲ್ಲ. ಸಿಂಹದ ಕಂದು-ಹಳದಿ ಮೈ ಮಾತ್ರ ಪುಣ್ಯಕ್ಕೆ ಆ ಎರಡರಲ್ಲೇ ಒಪ್ಪವಾಗಿ ಮೂಡುತ್ತಿತ್ತು. ಆ ಕಾಲದ ಬಣ್ಣದ ಚಿತ್ರಗಳಿಗೆ ಮೊದಲು ಟೆಲಿ, 1932ರ ನಂತರ ಕಾಫಿ ಎಂಬ ಸಿಂಹ ಬಂದವು. ಮೂರು ಎಳೆಯ ಪೂರ್ಣ ಟೆಕ್ನಿಕಲರ್ ಅಷ್ಟರಲ್ಲಿ ಸಿದ್ಧವಾಗಿದ್ದರೂ, ಕಾರ್ಟೂನುಗಳಿಗೆ ಅದನ್ನು ಬಳಸುವ ಹಕ್ಕನ್ನು ವಾಲ್ಟ್ ಡಿಸ್ನಿ 1935ರವರೆಗೆ ತಮ್ಮೊಬ್ಬರಿಗೇ ಎಂದು ಬರೆಸಿಕೊಂಡಿದ್ದರು. ಹಾಗಾಗಿ ಎಂಜಿಎಂ ಹೆಸರಿನಲ್ಲಿ ಬರುತ್ತಿದ್ದ ಕಾರ್ಟೂನುಗಳು ಎರಡು ಬಣ್ಣದಲ್ಲೇ ದಿನ ದೂಡಬೇಕಾಯಿತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಗೆ ಬಂದ 1934ರ ಸುಮಾರಿಗೆ ಟ್ಯಾನರ್‌ನ ಕಾಲ ಶುರುವಾಯಿತು. ತುಂಬು ಕೇಸರ, ತೀರ ಸಿಡುಕಿನ ಮುಖ. ಸಂಸ್ಥೆಯ ಅತಿ ವೈಭವದ ದಿನಗಳಲ್ಲಿ, ಸಂಗೀತ ನೃತ್ಯದ ಬಣ್ಣದ ಚಿತ್ರಗಳು ಸಾಲಾಗಿ ಬರುತ್ತಿದ್ದಾಗ, ಬಾಗಿಲು ಕಾಯ್ದದ್ದು ಅದು.

ಭಾರತದಲ್ಲೂ ಆಗ ಎಂಜಿಎಂಗೆ ಸ್ವಂತ ಮನೆಗಳಿದ್ದವು. ಕಲ್ಕತ್ತಾದಲ್ಲಿ 1935ರಲ್ಲಿ, ಮುಂಬೈಯ ಧೋಬಿ ತಲಾವ್‌ನಲ್ಲಿ 1938ರಲ್ಲಿ ಸಂಸ್ಥೆ ಮೆಟ್ರೋ ಎಂಬ ಹೆಸರಿನ ಚಿತ್ರಮಂದಿರಗಳನ್ನು ಕಟ್ಟಿಸಿತು. ಅಮೃತಶಿಲೆ, ಮೆತ್ತನೆ ಕಂಬಳಿ, ತಣ್ಣನೆ ಗಾಳಿ ಎಲ್ಲ ಇದ್ದ ಮಂದಿರಗಳು. ಮುಂಬೈಗೆ ಉದ್ಯೋಗಕ್ಕೆ ಹೋಗಿ ನೆಲೆಸಿದ ದಕ್ಷಿಣ ಕನ್ನಡ, ಉತ್ತರ ಕನ್ನಡದ ಹಳಬರ ಮಾತಿನಲ್ಲಿ ಮೆಟ್ರೋ ಈಗಲೂ ನುಸುಳುವುದುಂಟು.

1956ರಲ್ಲಿ ಜಾರ್ಜ್ ಎಂಬ ಸಿಂಹ ಬಂತು, ಎರಡು ವರ್ಷವಿತ್ತು, ಹೋಯಿತು. ಅದರ ಬಗ್ಗೆ ಹೇಳಲು ಹೆಚ್ಚಿಲ್ಲ. 1957ರಲ್ಲಿ ಚಿತ್ರೀಕರಿಸಿದ ಲಿಯೋ ಮಾತ್ರ ಲಾಂಛನದ ಚರಿತ್ರೆಯನ್ನೇ ಬದಲಾಯಿಸಿತು. ಉಳಿದವುಗಳ ಪಕ್ಕದಲ್ಲಿಟ್ಟು ನೋಡಿದರೆ ಅದರ ಕೇಸರ ಚಿಕ್ಕದು. ಏಳರಲ್ಲಿ ಎಳೆಯ ಸಿಂಹ ಅದೇ. ಹಾಗಾಗಿಯೇ ಮುಖ ಪೂರ್ತಿ ಕಾಣುತ್ತದೆ, ಕಣ್ಣು ಕಾಣುತ್ತದೆ, ಬಾಯಿಯ ಆಕಾರ ಸ್ಪಷ್ಟವಾಗಿ ಬಿಡಿಸಿದಂತಿದೆ. ಟೀವಿಯ ಸಣ್ಣ ತೆರೆಯಲ್ಲೂ ಅದು ಕೆಡಲಿಲ್ಲ. 1957ರಿಂದ 2021ರವರೆಗೆ, 64 ವರ್ಷ, ಕೆಲವೇ ಸೆಕೆಂಡುಗಳ ಆ ತುಣುಕೇ ಮತ್ತೆ ಮತ್ತೆ ಓಡಿತು. ಆ ಒಂದು ದಿನ, ಆ ಒಂದು ದೀಪದಡಿಯಲ್ಲಿ ಸಿಂಹ ತಲೆ ತಿರುಗಿಸಿದ ರೀತಿಯನ್ನು ಮೂರು ತಲೆಮಾರು ನೋಡಿದೆ.

ಇಷ್ಟು ಗಟ್ಟಿಯಾಗಿ ಕೂತ ಗುರುತನ್ನೂ ನಿರ್ದೇಶಕರು ತಮಗೆ ಬೇಕಾದಂತೆ ಬಗ್ಗಿಸಿಕೊಂಡದ್ದುಂಟು. 1959ರ ‘ಬೆನ್ ಹರ್’ ಯೇಸುವಿನ ಜನನದ ದೃಶ್ಯದಿಂದ ತೊಡಗುತ್ತದೆ. ಅಂಥ ಶಾಂತಿಯ ಮುಂದೆ ಗರ್ಜನೆ ಸಲ್ಲದು ಎಂದು ನಿರ್ದೇಶಕ ವಿಲಿಯಂ ವೈಲರ್ ಪಟ್ಟು ಹಿಡಿದರು. ಸಿಂಹವನ್ನು ಸ್ಥಿರಚಿತ್ರವಾಗಿ, ಮೌನವಾಗಿ ತೋರಿಸಲಾಯಿತು. ಹನ್ನೊಂದು ಆಸ್ಕರ್ ಗೆದ್ದ ಆ ಚಿತ್ರದ ಮೊದಲ ಸರಿಯಾದ ನಿರ್ಧಾರ ಅದು ಎಂದು ನನ್ನ ಎಣಿಕೆ. ಅದೇ ವರ್ಷದ ‘ನಾರ್ತ್ ಬೈ ನಾರ್ತ್‌ವೆಸ್ಟ್’ನಲ್ಲಿ ಹಿಚ್‌ಕಾಕ್ ಲಾಂಛನದ ಹಿನ್ನೆಲೆಯನ್ನು ಹಸಿರಾಗಿಸಿದರು. ಸಾಲ್ ಬಾಸ್ ರಚಿಸಿದ ಶೀರ್ಷಿಕೆಯ ಹಸಿರಿನೊಳಗೆ ಸಿಂಹ ಹೊಲಿಗೆ ಕಾಣದಂತೆ ಸೇರಿಕೊಳ್ಳುತ್ತದೆ. ಹಿಚ್‌ಕಾಕ್ ಸಿಂಹಕ್ಕೆ ಚಹಾ ಬಡಿಸುತ್ತಿರುವ ಪ್ರಚಾರದ ಫೋಟೋ ಕೂಡ ಆ ದಿನಗಳದೇ. 1963ರಲ್ಲಿ ಚಕ್ ಜೋನ್ಸ್ ‘ಟಾಮ್ ಅಂಡ್ ಜೆರ್ರಿ’ ಕೈಗೆತ್ತಿಕೊಂಡಾಗ ಸಿಂಹ ಗರ್ಜಿಸಿ ಮುಗಿಸುತ್ತಿದ್ದಂತೆ ಅದೇ ಉಂಗುರದಲ್ಲಿ ಟಾಮ್ ಬಂದು ಮಿಯಾಂವ್ ಎನ್ನತೊಡಗಿತು.

ಒಮ್ಮೆ ಸಂಸ್ಥೆಯೇ ತನ್ನ ಗುರುತನ್ನು ಕೈಬಿಡಲು ಹೊರಟಿತ್ತು. 1960ರ ದಶಕದ ನಡುವಿಗೆ ಅಮೆರಿಕದ ದೊಡ್ಡ ಕಂಪನಿಗಳೆಲ್ಲ ಹಳೆಯ ಚಿತ್ತಾರದ ಮುದ್ರೆಗಳನ್ನು ಬಿಟ್ಟು ನಾಲ್ಕು ಗೆರೆಯಲ್ಲಿ ಮುಗಿಯುವ ಚಪ್ಪಟೆ ಚಿಹ್ನೆಗಳ ಕಡೆ ವಾಲಿದ್ದವು. ಎಂಜಿಎಂ ಕೂಡ ಸಿಂಹದ ಪಾರ್ಶ್ವಮುಖವನ್ನು ಸರಳ ರೇಖೆಗಳಲ್ಲಿ ಬರೆಸಿ, ವೃತ್ತದೊಳಗೆ ಕೂಡಿಸಿ, 1966ರ ‘ಗ್ರಾಂಡ್ ಪ್ರಿ’ ಚಿತ್ರದ ಮುಂದೆ ಇಟ್ಟಿತು. 1968ರಲ್ಲಿ ಸ್ಟಾನ್ಲಿ ಕುಬ್ರಿಕ್‌ರ ‘2001: ಎ ಸ್ಪೇಸ್ ಒಡಿಸ್ಸಿ’ಯ ಮುಂದೆಯೂ ಅದೇ ಬಂತು: ನೀಲಿಯ ಮೇಲೆ, ಸದ್ದಿಲ್ಲದೆ, ಅಲುಗಾಡದೆ. ರೇಖೆಯಾಗಿ ನೋಡಿದರೆ ಅದು ಒಳ್ಳೆಯ ಕೆಲಸವೇ. ಕುಬ್ರಿಕ್‌ರ ತಣ್ಣನೆ ಅಂತರಿಕ್ಷಕ್ಕೆ ಹೊಂದುತ್ತದೆ ಕೂಡ. ಆದರೆ ತೆರೆಯ ಮೇಲೆ ಅದು ಮೂರನೆಯ ವರ್ಷ ಮುಟ್ಟಲಿಲ್ಲ. ಲಿಯೋ ಮರಳಿ ಬಂತು, ರೇಖೆಯ ಸಿಂಹ ಗ್ರಾಮಾಫೋನ್ ತಟ್ಟೆಗಳಿಗೂ ಹೋಟೆಲುಗಳಿಗೂ ಹೋಯಿತು. ಕಾಗದದ ಮೇಲೆ, ತಟ್ಟೆಯ ಮೇಲೆ, ಬೀದಿಯ ಫಲಕದ ಮೇಲೆ ನಿಲ್ಲುವ ಚಿಹ್ನೆಗೆ ಸರಳತೆ ಬೇಕು. ಕತ್ತಲ ಮಂದಿರದಲ್ಲಿ, ನಲವತ್ತು ಅಡಿ ಅಗಲದ ತೆರೆಯ ಮೇಲೆ, ಜನ ಕಾದು ಕೂತಿರುವಾಗ ಬರುವ ಚಿಹ್ನೆಗೆ ಉಸಿರು ಬೇಕು. ಆಧುನಿಕ ವಿನ್ಯಾಸಕಾರರು ಈ ಎರಡನ್ನೂ ಒಂದೇ ಅಳತೆಗೋಲಿನಿಂದ ಅಳೆದರು. ಸಿನಿಮಾ ಲಾಂಛನ ಕಾಲದಲ್ಲಿ ನಡೆಯುವ ಘಟನೆ. ಅದಕ್ಕೊಂದು ಆರಂಭ, ಏರಿಕೆ, ಮುಕ್ತಾಯ ಇರಬೇಕಾಗುತ್ತದೆ.

ಹೋಟೆಲಿನ ಕಥೆ ಬಂದದ್ದರಿಂದ ಇನ್ನೊಂದು ಮಾತು. ಲಾಸ್ ವೇಗಸ್‌ನ ಎಂಜಿಎಂ ಗ್ರಾಂಡ್ 1993ರಲ್ಲಿ ತೆರೆದಾಗ ಮುಖ್ಯ ದ್ವಾರವೇ ಬೃಹತ್ ಸಿಂಹವಾಗಿತ್ತು. ಒಳಗೆ ಹೋಗಬೇಕಾದವರು ಅದರ ಬಾಯಿಯ ಕೆಳಗಿಂದ ಹಾದು ಹೋಗಬೇಕು. ಜೂಜಿಗೆ ಬರುತ್ತಿದ್ದ ಚೀನಾ ಮೂಲದ ಅನೇಕರು ಸಿಂಹದ ಬಾಯೊಳಗೆ ಹೊಗುವುದು ಅಪಶಕುನವೆಂದು ಬೇರೆ ಬಾಗಿಲು ಹುಡುಕಿದರು. 1998ರಲ್ಲಿ ಅದನ್ನು ತೆಗೆದು ಪೀಠದ ಮೇಲೆ ಕೂತ ಕಂಚಿನ ಸಿಂಹವನ್ನು ನಿಲ್ಲಿಸಿದರು.

ಈಗ ದನಿಯ ವಿಷಯ. ಮೈಸೂರು ಮೃಗಾಲಯದಲ್ಲಿ ಸಿಂಹ ಕೂಗುವುದನ್ನು ಕೇಳಿದವರಿಗೆ ಗೊತ್ತು, ನಿಜವಾದ ಸಿಂಹನಾದಕ್ಕೂ ಲಾಂಛನದ ಗರ್ಜನೆಗೂ ಬಹಳ ಅಂತರವಿದೆ. ಸಿಂಹ ಕೂಗುವುದು ಹೊಟ್ಟೆಯ ಆಳದಿಂದ, ಒಂದಾದ ಮೇಲೊಂದು ಉಸಿರೆಳೆದು, ಕೊನೆಗೆ ಸಣ್ಣಸಣ್ಣ ಹುಂಕಾರಗಳಾಗಿ ಇಳಿಯುವ ನಾದ. ನಿಶ್ಶಬ್ದ ರಾತ್ರಿಯಲ್ಲಿ ಎಂಟು ಕಿಲೋಮೀಟರ್ ದೂರಕ್ಕೂ ಕೇಳುವ ಆ ನಾದ ತನ್ನ ಸೀಮೆಯನ್ನು ಸಾರಿ ಹೇಳುವುದಕ್ಕೆ ಇರುವುದೇ ಹೊರತು ಸಿಟ್ಟಿಗಲ್ಲ. ಸಿನಿಮಾಕ್ಕೆ ಬೇಕಾದದ್ದು ಹಲ್ಲು ಕಾಣುವ ಸಿಟ್ಟು. 1980ರ ದಶಕದ ಆರಂಭದಲ್ಲಿ ‘ಪೋಲ್ಟರ್‌ಗೈಸ್ಟ್’ ಚಿತ್ರದ ಹೊತ್ತಿಗೆ ಹಳೆಯ ಮುದ್ರಣ ಸ್ಟೀರಿಯೋ ಮಂದಿರಗಳಲ್ಲಿ ಸಪ್ಪೆಯಾಗಿ ಕೇಳತೊಡಗಿದ್ದರಿಂದ ಮಾರ್ಕ್ ಮ್ಯಾಂಜಿನಿ ಎಂಬ ಧ್ವನಿ ವಿನ್ಯಾಸಕರು ಹೊಸ ಗರ್ಜನೆ ಕಟ್ಟಿದರು. ಅದರಲ್ಲಿ ಅವರು ಬಳಸಿದ್ದು ಹುಲಿಯ ದನಿ. ಸಿಂಹಗಳು ಅಂಥ ಉಗ್ರ ಸದ್ದು ಮಾಡುವುದೇ ಇಲ್ಲ ಎಂಬುದು ಅವರ ವಿವರಣೆ. 1990ರ ದಶಕದಲ್ಲಿ ಡಿಜಿಟಲ್ ಧ್ವನಿಗೆ ತಕ್ಕಂತೆ ಅದನ್ನು ಮತ್ತೊಮ್ಮೆ ತಿದ್ದಲಾಯಿತು. ಸಿಂಹದ ಬಾಯಿ, ಹುಲಿಯ ಗಂಟಲು. ಇದರಲ್ಲಿ ಮೋಸವೇನೂ ಇಲ್ಲ. ನಾಟಕದಲ್ಲಿ ಗುಡುಗಿಗೆ ತಗಡು ಅಲ್ಲಾಡಿಸುತ್ತಾರೆ, ಪ್ರೇಕ್ಷಕನ ಕಿವಿ ಅದನ್ನು ಗುಡುಗೆಂದೇ ಒಪ್ಪುತ್ತದೆ.

ಆ ದನಿಯ ಒಡೆತನವನ್ನು ಕಾನೂನಿನ ಮುಂದೆ ಸ್ಥಾಪಿಸುವುದು ಸುಲಭವಾಗಿರಲಿಲ್ಲ. ಅಮೆರಿಕದಲ್ಲಿ 1980ರ ದಶಕದಲ್ಲೇ ಗರ್ಜನೆ ಟ್ರೇಡ್‌ಮಾರ್ಕ್ ಆಗಿ ನೋಂದಣಿಯಾಯಿತು. ಯುರೋಪಿನಲ್ಲಿ ತೊಡಕಾಯಿತು. ಅಲ್ಲಿ ಚಿಹ್ನೆಯನ್ನು ಕಾಗದದ ಮೇಲೆ ತೋರಿಸಬೇಕಿತ್ತು. ರಾಗವಾದರೆ ಸ್ವರಲಿಪಿಯಲ್ಲಿ ಬರೆಯಬಹುದು, ಗರ್ಜನೆಗೆ ಸ್ವರಲಿಪಿ ಎಲ್ಲಿದೆ? ಧ್ವನಿಯ ಅಲೆಗಳ ನಕ್ಷೆಯನ್ನು ಸಲ್ಲಿಸಿದರು. ಆ ನಕ್ಷೆಯಲ್ಲಿ ಕಾಲ, ಕಂಪನಗಳ ಅಳತೆ ಗುರುತಿಸಿಲ್ಲ ಎಂದು 2003ರಲ್ಲಿ ಮೇಲ್ಮನವಿ ಮಂಡಳಿ ಅರ್ಜಿಯನ್ನು ತಳ್ಳಿಹಾಕಿತು. ಕೆನಡಾದಲ್ಲಿ 1992ರಲ್ಲಿ ಹಾಕಿದ ಅರ್ಜಿ ಇಪ್ಪತ್ತು ವರ್ಷ ತೂಗಾಡಿ, ನ್ಯಾಯಾಲಯ ಮುಟ್ಟಿ, 2012ರಲ್ಲಿ ಗೆದ್ದಿತು. ಆ ದೇಶದಲ್ಲಿ ಧ್ವನಿಚಿಹ್ನೆಗಳಿಗೆ ಬಾಗಿಲು ತೆರೆದದ್ದೇ ಈ ಸಿಂಹ. ನಮ್ಮಲ್ಲಿ ಮೊದಲ ಧ್ವನಿಚಿಹ್ನೆಯ ಗೌರವ 2008ರಲ್ಲಿ ಯಾಹೂ ಕಂಪನಿಯ ಕೂಗಿಗೆ ಸಂದಿತು. 2017ರ ನಿಯಮಗಳ ಪ್ರಕಾರ 30 ಸೆಕೆಂಡು ಮೀರದ ಎಂಪಿ3 ಕಡತವನ್ನೇ ಸಲ್ಲಿಸಬಹುದು.

ಮೇಜಿನ ಮೇಲೆ ಮಲಗಿಸಿ ಪಟ್ಟಿಗಳಿಂದ ಬಿಗಿದ ಸಿಂಹದ ಫೋಟೋ ಒಂದು ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಸುತ್ತುತ್ತದೆ. ಎಂಜಿಎಂ ಲಾಂಛನವನ್ನು ಚಿತ್ರೀಕರಿಸಿದ್ದು ಹೀಗೆ, ನೋಡಿ ಕ್ರೌರ್ಯ, ಎಂಬ ಒಕ್ಕಣೆಯೂ ಜೊತೆಗಿರುತ್ತದೆ. ಅದು ಸುಳ್ಳು. ಆ ಚಿತ್ರ ಇಸ್ರೇಲಿನ ಮೃಗಾಲಯದ ಸಿಂಹವೊಂದಕ್ಕೆ 2005ರಲ್ಲಿ ವೈದ್ಯರು ಸಿ.ಟಿ. ಸ್ಕ್ಯಾನ್ ಮಾಡುತ್ತಿದ್ದಾಗ ತೆಗೆದದ್ದು. ಲಾಂಛನದ ಸಿಂಹ ತನ್ನ ತರಬೇತುದಾರನನ್ನು ಕೊಂದಿತು ಎಂಬ ಇನ್ನೊಂದು ಕಥೆಗೂ ಆಧಾರವಿಲ್ಲ. ನಡೆದದ್ದನ್ನು ಹೇಳಬೇಕಾದರೆ ಅರಿಜೋನಾದ ಆ ವಿಮಾನವೇ ಸಾಕಷ್ಟಿದೆ, ಹೊಸದಾಗಿ ಹೆಣೆಯಬೇಕಾಗಿಲ್ಲ.

ಸಂಸ್ಥೆಯ ಅದೃಷ್ಟ ಲಾಂಛನದಷ್ಟು ಗಟ್ಟಿಯಾಗಿರಲಿಲ್ಲ. 1970ರಲ್ಲಿ ಸ್ಟುಡಿಯೋದ ವೇಷಭೂಷಣ, ಸಾಮಾನುಗಳೆಲ್ಲ ಹರಾಜಾದವು. 1986ರಲ್ಲಿ ಟೆಡ್ ಟರ್ನರ್ ಎಂಜಿಎಂ ಕೊಂಡು, ಹಳೆಯ ಚಿತ್ರಗಳ ಭಂಡಾರವನ್ನು ಮಾತ್ರ ಇಟ್ಟುಕೊಂಡು, ಉಳಿದದ್ದನ್ನು ಮಾರಿಬಿಟ್ಟರು. ಆ ಭಂಡಾರ ಮುಂದೆ ವಾರ್ನರ್ ಪಾಲಾಯಿತು. ಹಾಗಾಗಿ ಇಂದು ‘ದಿ ವಿಜರ್ಡ್ ಆಫ್ ಆಝ್’, ‘ಬೆನ್ ಹರ್’, ‘ಟಾಮ್ ಅಂಡ್ ಜೆರ್ರಿ’ ಯಾವುದೂ ಎಂಜಿಎಂನದಲ್ಲ. ಜಾಕಿಯೂ ಟ್ಯಾನರೂ ತಮ್ಮದಲ್ಲದ ಮನೆಯ ಚಿತ್ರಗಳ ಮುಂದೆ ನಿಂತು ಗರ್ಜಿಸುತ್ತಿವೆ. 2010ರಲ್ಲಿ ಸಂಸ್ಥೆ ದಿವಾಳಿ ಅರ್ಜಿ ಹಾಕಿತು, ಚೇತರಿಸಿಕೊಂಡಿತು. 2022ರ ಮಾರ್ಚ್‌ನಲ್ಲಿ ಅಮೆಜಾನ್ 845 ಕೋಟಿ ಡಾಲರಿಗೆ ಅದನ್ನು ಕೊಂಡಿತು.

ಆ ವ್ಯವಹಾರ ಕುದುರುವ ಮೊದಲೇ, 2021ರಲ್ಲಿ, ಲಾಂಛನದಲ್ಲಿ ಅತಿ ದೊಡ್ಡ ಬದಲಾವಣೆ ನಡೆದುಹೋಗಿತ್ತು. 2012ರಲ್ಲಿ ಬಂದ ಆವೃತ್ತಿ ಲಿಯೋನ ಕಣ್ಣಿನಿಂದ ತೊಡಗಿ ಹಿಂದಕ್ಕೆ ಸರಿಯುತ್ತ ಉಂಗುರವನ್ನು ತೋರಿಸುತ್ತಿತ್ತು, ಆದರೂ ಸಿಂಹ 1957ರದೇ. ಹೊಸದರಲ್ಲಿ ಪ್ರಾಣಿಯೇ ಇಲ್ಲ. ಲಿಯೋವನ್ನು ಮಾದರಿಯಾಗಿಟ್ಟುಕೊಂಡು ಕಂಪ್ಯೂಟರಿನಲ್ಲಿ ಒಂದೊಂದು ಕೂದಲೂ ಎಣಿಸಿ ಬೆಳೆಸಿದ ಸಿಂಹ. ಧ್ಯೇಯವಾಕ್ಯ ಮೊದಲು ಇಂಗ್ಲಿಷಿನಲ್ಲಿ ಮೂಡಿ ಲ್ಯಾಟಿನ್‌ಗೆ ತಿರುಗುತ್ತದೆ. ಇಂದಿನ ಅತಿ ಸ್ಪಷ್ಟ ತೆರೆಗಳಲ್ಲಿ ಅರವತ್ತು ವರ್ಷದ ಹಳೆಯ ನೆಗೆಟಿವ್ ಮಸುಕಾಗಿ ಕಾಣುತ್ತಿತ್ತು, ಆದ್ದರಿಂದ ಬದಲಾವಣೆಗೆ ಕಾರಣವಿತ್ತು. ಇನ್ನು ಮುಂದೆ ಯಾವ ಸಿಂಹವನ್ನೂ ಬಿಸಿ ದೀಪಗಳ ಕೆಳಗೆ ಕೂಡಿಸಬೇಕಿಲ್ಲ, ಯಾವ ಬೋನೂ ವಿಮಾನ ಹತ್ತಬೇಕಿಲ್ಲ. ಅದು ನಿಜವಾಗಿ ಸಂತೋಷದ ವಿಷಯ. ಆದರೂ ಹೊಸ ಸಿಂಹವನ್ನು ನೋಡುವಾಗ ನನಗೆ ಒಂದು ಕೊರತೆ ತಟ್ಟುತ್ತದೆ. ಅದು ಎಲ್ಲಿ ನೋಡಬೇಕೋ ಅಲ್ಲೇ ನೋಡುತ್ತದೆ. ಜಾಕಿಯ ಹಾಗೆ ನಮ್ಮನ್ನು ಮರೆತು ಪಕ್ಕಕ್ಕೆ ತಿರುಗುವುದಿಲ್ಲ, ಸ್ಲ್ಯಾಟ್ಸ್ ಹಾಗೆ ಬೇಸರದಿಂದ ಕಣ್ಣು ಹಾಯಿಸುವುದಿಲ್ಲ. ತನಗೊಂದು ಇಚ್ಛೆ ಇದ್ದ ಜೀವ ಆ ಉಂಗುರದಲ್ಲಿ ಕೂತಿತ್ತು, ಅದಕ್ಕೇ ನಾವು ಶತಮಾನದಷ್ಟು ಕಾಲ ದಣಿಯದೆ ನೋಡಿದ್ದು.

ಇವನ್ನು ಸಾಲಾಗಿ ನೋಡುವ ಆಸೆಯಿದ್ದವರಿಗೆ ಕಷ್ಟವಿಲ್ಲ. ‘ಹೀ ಹೂ ಗೆಟ್ಸ್ ಸ್ಲ್ಯಾಪ್ಡ್’ನ ಕೃತಿಸ್ವಾಮ್ಯ ಅಮೆರಿಕದಲ್ಲಿ ಮುಗಿದಿರುವುದರಿಂದ ಮೂಕಿಯ ಕಾಲಕ್ಕೆ ಅಲ್ಲಿಂದಲೇ ಇಳಿಯಬಹುದು. ಜಾಕಿಗೆ ‘ದಿ ವಿಜರ್ಡ್ ಆಫ್ ಆಝ್’, ಟ್ಯಾನರ್‌ಗೆ 1940ರ ದಶಕದ ಯಾವುದೇ ‘ಟಾಮ್ ಅಂಡ್ ಜೆರ್ರಿ’, ಹಸಿರು ಹಿನ್ನೆಲೆಗೆ ಹಿಚ್‌ಕಾಕ್, ರೇಖೆಯ ಸಿಂಹಕ್ಕೆ ಕುಬ್ರಿಕ್, ಲಿಯೋಗೆ ‘ಗೋಲ್ಡನ್ ಐ’. ಕಡೆಗೆ ‘ನೋ ಟೈಮ್ ಟು ಡೈ’ ಹಾಕಿ, ಆರಂಭದ ಆ ಕೆಲವು ಸೆಕೆಂಡುಗಳನ್ನು ಹಿಂದಿನದರ ಪಕ್ಕದಲ್ಲಿಟ್ಟು ಎರಡೆರಡು ಸಲ ನೋಡಿ. ಮನೆಯಲ್ಲಿ ಮಕ್ಕಳಿದ್ದರೆ ಯಾವ ಸಿಂಹ ನಿಜವಾದದ್ದು, ಯಾವುದು ಕಂಪ್ಯೂಟರಿನದು ಎಂದು ಅವರನ್ನೇ ಕೇಳಿ. ಮಕ್ಕಳು ಕಿವಿಯ ಅಲುಗಾಟ ನೋಡಿ ಹೇಳುತ್ತಾರೆ.